ಈ ವಿಜಯಪುರದಿಂದ ಆ ವಿಜಯಪುರಕ್ಕೆ

ನಮ್ಮೂರೂ ವಿಜಯಪುರವೇ. ದೇವನಹಳ್ಳಿ ತಾಲ್ಲೂಕಿನದು, ರೇಷ್ಮೆಗೂಡಿನ ಮಾರ್ಕೆಟ್ ಇರೋ ಊರು. 2014ರ ನವೆಂಬರ್‌ವರೆಗೆ ಯಾರಿಗೂ ಗೊಂದಲ ಇರಲಿಲ್ಲ. ಬಿಜಾಪುರಕ್ಕೆ ವಿಜಯಪುರ ಅಂತ ಹೆಸರಾದ ಮೇಲೆ ನಮ್ಮ ಪಾಡು ಶುರುವಾಯಿತು. ಒಂದು ಸಲ ನನಗೆ ಬರಬೇಕಾದ ಪಾರ್ಸಲ್ಲು 500 ಕಿಲೋಮೀಟರ್ ಆಚೆ ಹೋಗಿ, ಗೋಲಗುಂಬಜ್ ಊರಲ್ಲಿ ನಾಲ್ಕು ದಿನ ಇದ್ದು ಬಂತು.

'ನಿನ್ನ ಪಾರ್ಸಲ್ ಬಂದು ಹೋತು, ನಿನಗೇನಾಗೇತಿ ಬರಾಕ?' ಅಂತ ಹಾಸ್ಟೆಲ್ ಗೆಳೆಯ ಫೋನಿನಲ್ಲಿ ಬೈದ. ಅವನ ಊರು ತಿಕೋಟಾ ಹತ್ತಿರ. ಮನೆಯವರದ್ದು ದ್ರಾಕ್ಷಿ. ನಮ್ಮ ಮನೆಯಲ್ಲೂ ದ್ರಾಕ್ಷಿ ಇತ್ತು. ಹಾಸ್ಟೆಲಲ್ಲಿ ಯಾವ ದ್ರಾಕ್ಷಿ ಹೆಚ್ಚು ಅಂತ ಇಬ್ಬರೂ ಊಟ ಬಿಟ್ಟು ಜಗಳ ಆಡಿದ್ದೂ ಉಂಟು. ಮಾರ್ಚ್ ಮೊದಲ ವಾರ, ಅವರ ಕಡೆ ಒಣಗಿಸೋ ಕಾಲ. ನಾಲ್ಕು ದಿನ ರಜೆ ಹಾಕಿದೆ.

ಮೊದಲನೇ ದಿನ

ರೈಲು ಸಂಜೆಗೆ. ಬೆಳಿಗ್ಗೆ ಸುಮ್ನೆ ದೊಡ್ಡಪ್ಪನ ತೋಟಕ್ಕೆ ಹೋದೆ. ತೋಟ ಅನ್ನೋದು ಈಗ ಮರ್ಯಾದೆಗೆ. ಒಂದೂವರೆ ಎಕರೆ ಇದ್ದದ್ದು ಅರ್ಧಕ್ಕೆ ಬಂದಿದೆ. ಪಕ್ಕದಲ್ಲಿ ಲೇಔಟ್, ಸೈಟಿನ ಕಲ್ಲುಗಳಿಗೆ ಹೊಸದಾಗಿ ಬಣ್ಣ ಬಳಿದಿದ್ದಾರೆ. ಈ ಕಡೆ ಕಲ್ಲುಕೂಚ ನೆಟ್ಟು, ಮೇಲೆ ತಂತಿ ಎಳೆದು ಹಬ್ಬಿಸಿದ ಹಳೇ ಚಪ್ಪರ. ಒಳಗೆ ಹೋದರೆ ಮಧ್ಯಾಹ್ನದಲ್ಲೂ ತಂಪು.

ನಮ್ಮದು ಬೆಂಗಳೂರು ನೀಲಿ. ಹೆಸರಿಗೆ ನೀಲಿ, ನೋಡೋಕೆ ಕಪ್ಪು. ಹಣ್ಣನ್ನು ತುಟಿಗಿಟ್ಟು ಹಿಸುಕಿದರೆ ಸಿಪ್ಪೆ ಕೈಯಲ್ಲೇ ಉಳಿದು, ತಿರುಳು ಇಡಿಯಾಗಿ ಪುಳಕ್ ಅಂತ ಬಾಯೊಳಗೆ ಹಾರುತ್ತೆ. ಒಳಗೆ ಬೀಜ. ನುಂಗಿದರೆ ಹೊಟ್ಟೆಯಲ್ಲಿ ಬಳ್ಳಿ ಹಬ್ಬುತ್ತೆ ಅಂತ ಅಜ್ಜಿ ಹೆದರಿಸುತ್ತಿದ್ದರು. ವಾಸನೆ ಮಾತ್ರ ಜೋರು. ಬುಟ್ಟಿ ಒಳಮನೆಯಲ್ಲಿದ್ದರೆ ಬೀದಿಗೆ ಗೊತ್ತಾಗುತ್ತೆ.

ಆ ವಾಸನೆ ಈ ನೆಲದ್ದಲ್ಲ. ಬೆಂಗಳೂರು ನೀಲಿ ಅಂದರೆ ಅಮೆರಿಕದ ಇಸಾಬೆಲ್ಲಾ ತಳಿಯೇ. ಅಲ್ಲಿನ ಕಾಡುದ್ರಾಕ್ಷಿಯೂ ಯುರೋಪಿನ ದ್ರಾಕ್ಷಿಯೂ ಬೆರೆತು ಹುಟ್ಟಿದ್ದು. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದು, ನಂದಿ ಬೆಟ್ಟದ ಸುತ್ತಿನ ಕೆಂಪು ಮಣ್ಣಿಗೆ ಒಗ್ಗಿಕೊಂಡು, ಈಗ ಭೌಗೋಳಿಕ ಸೂಚಕದ ಪಟ್ಟಿಯಲ್ಲೂ ನಮ್ಮ ಹೆಸರಲ್ಲೇ ಕೂತಿದೆ. ಬಂದವರನ್ನೆಲ್ಲ ನಮ್ಮವರು ಮಾಡಿಕೊಳ್ಳೋದು ಬೆಂಗಳೂರಿಗೆ ಹೊಸದಲ್ಲ ಬಿಡಿ.

ದೊಡ್ಡಪ್ಪನಿಗೆ ಒಂದೇ ಹೆಮ್ಮೆ, ವರ್ಷಕ್ಕೆ ಎರಡು ಬೆಳೆ. ಇಲ್ಲಿ ಸುಡೋ ಬಿಸಿಲೂ ಇಲ್ಲ, ಬಳ್ಳಿ ಎಲೆ ಉದುರಿಸಿ ಮಲಗುವಂಥ ಚಳಿಯೂ ಇಲ್ಲ. ಸವರಿದಾಗೆಲ್ಲ ಚಿಗುರುತ್ತೆ, ಚಿಗುರಿದಾಗೆಲ್ಲ ಗೊಂಚಲು ಬಿಡುತ್ತೆ. 14ನೇ ಶತಮಾನದಲ್ಲಿ ಮೊರಾಕ್ಕೋದಿಂದ ಬಂದ ಇಬ್ನ್ ಬತೂತಾ ಕೂಡ ದೌಲತಾಬಾದಿನ ದ್ರಾಕ್ಷಿ ವರ್ಷಕ್ಕೆ ಎರಡು ಸಲ ಫಲ ಕೊಡುತ್ತೆ ಅಂತ ಬರೆದಿಟ್ಟ. ಚಳಿಗಾಲವಿಡೀ ಬರೀ ಕಡ್ಡಿಯಾಗಿ ನಿಲ್ಲೋ ಬಳ್ಳಿ ನೋಡಿದವರಿಗೆ ಅದು ಅಚ್ಚರಿಯೇ ಅಲ್ವಾ?

'ಅಲ್ಲಿ ಬಿಜಾಪುರದಲ್ಲಿ ಎಷ್ಟು ಬೆಳೆ ತೆಗೀತಾರೋ, ಕೇಳ್ಕೊಂಡು ಬಾ' ಅಂದರು ದೊಡ್ಡಪ್ಪ. ಅವರಿಗೆ ಅದು ಇವತ್ತಿಗೂ ಬಿಜಾಪುರವೇ.

ಎರಡನೇ ದಿನ

ರಾತ್ರಿಯೆಲ್ಲ ರೈಲು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತು. ಕೆಳಗೆ ಯಾರದೋ ಮಗು ಹುಬ್ಬಳ್ಳಿವರೆಗೂ ಅತ್ತಿತು. ಬೆಳಿಗ್ಗೆ ಆಲಮಟ್ಟಿ ಹತ್ತಿರ ಕೃಷ್ಣೆ ಕಂಡಳು. ಅಷ್ಟು ನೀರು ನೋಡಿ, ಮುಂದಿನ ಒಂದು ಗಂಟೆ ಬರೀ ಬಯಲು ನೋಡಿದರೆ ತಲೆಗೆ ಹತ್ತೋದಿಲ್ಲ, ನೀರು ಅಲ್ಲಿದೆ, ಹೊಲ ಇಲ್ಲಿದೆ.

ಗೋಲಗುಂಬಜ್ ನೋಡದೆ ಬಿಡೋದುಂಟಾ, ನೋಡಿದೆ. ಮೇಲೆ ಹತ್ತಿ ಎಲ್ಲರ ಹಾಗೆ ಕೂಗಿದೆ. ಶಾಲೆ ಮಕ್ಕಳ ಗಲಾಟೆಯಲ್ಲಿ ನನ್ನ ಕೂಗು ಯಾವುದು ಅಂತಲೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಗೆಳೆಯ ಬೈಕ್ ತಂದ. ತಿಕೋಟಾ 20 ಕಿಲೋಮೀಟರ್ ಆಸುಪಾಸು. ಊರು ದಾಟಿದ ಸ್ವಲ್ಪ ಹೊತ್ತಿಗೆ ನೆಲದ ಬಣ್ಣ ಬದಲಾಯಿತು. ಕಪ್ಪು ಎರೆಹೊಲ ಹೋಗಿ ಕಲ್ಲು, ಗರಸು, ಬಿಳಿಚಿಕೊಂಡ ಮಣ್ಣು. ಇದು ಮಡ್ಡಿ. ಈ ಜಿಲ್ಲೆಯ ಒಳ್ಳೇ ನೆಲ ಅಂದರೆ ಡೋಣಿ ನದಿಯ ದಂಡೆಯದು. 'ಡೋಣಿ ಹರಿದ್ರ ಓಣಿಯೆಲ್ಲಾ ಕಾಳು' ಅಂತಾರೆ. ಅದು ಜೋಳದ ಮಾತು. ದ್ರಾಕ್ಷಿ ಕೇಳೋದೇ ಬೇರೆ. ಬೇರಿಗೆ ನೀರು ಸಿಗಬೇಕು, ನಿಲ್ಲಬಾರದು. ಎರೆಮಣ್ಣು ನೀರು ಕುಡಿದು ಉಬ್ಬಿ ಕೂತರೆ ಬೇರು ಉಸಿರು ಕಟ್ಟಿ ಸಾಯುತ್ತೆ. ಹಾಗಾಗಿ ಯಾರಿಗೂ ಬೇಡವಾಗಿದ್ದ ಮಡ್ಡಿಗೆ ಈಗ ರೇಟು.

ಮಳೆ ಇಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮುಟ್ಟಿದರೆ ಖುಷಿ. ಗಾಳಿ ಒಣ. ಹಣ್ಣು ಮಾಗೋ ಜನವರಿ, ಫೆಬ್ರವರಿಯಲ್ಲಿ ಆಕಾಶ ಖಾಲಿ. ಬರದ ನಾಡು ಅಂತ ನಾವು ಮರುಗೋ ಗುಣಗಳೇ ದ್ರಾಕ್ಷಿಗೆ ಬೇಕಾದವು. ನೀರೊಂದನ್ನು ಬಿಟ್ಟು. ಅದಕ್ಕೆ ಇಲ್ಲಿನವರು ಪಟ್ಟ ಪಾಡು ಗೆಳೆಯ ದಾರಿಯುದ್ದಕ್ಕೂ ಹೇಳಿದ. ಬೋರು ಬತ್ತಿದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಂಡಿದ್ದು, ತಾವು ಕುಡಿಯೋ ನೀರಿಗೆ ಸಾಲಿನಲ್ಲಿ ನಿಂತಿದ್ದು. ಈಗ ತುಬಚಿ ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ನೀರು ಮೇಲೆ ಹತ್ತಿ ಬಂದು ಕೆರೆ ತುಂಬಿವೆ. ಆದರೂ ಪ್ರತಿ ಹೊಲಕ್ಕೂ ಒಂದು ಕೃಷಿ ಹೊಂಡ, ಕಪ್ಪು ಪ್ಲಾಸ್ಟಿಕ್ ಹಾಸಿದ್ದು. ಒಮ್ಮೆ ಸುಟ್ಟುಕೊಂಡವರು ಸುಮ್ಮನಿರುತ್ತಾರಾ?

ರಾತ್ರಿ ಊಟಕ್ಕೆ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. 'ಇನ್ನೊಂದು ರೊಟ್ಟಿ ತಗೋ ತಮ್ಮಾ, ದೂರಿಂದ ಬಂದಿ' ಅಂತ ಕಾಕು, ಗೆಳೆಯನ ಅಮ್ಮ, ಐದನೆಯದನ್ನು ಹಾಕಿದರು. ಬೇಡ ಅನ್ನೋ ಶಕ್ತಿಯೂ ಉಳಿದಿರಲಿಲ್ಲ.

ಮೂರನೇ ದಿನ

ಬೆಳಿಗ್ಗೆ ಆರಕ್ಕೆ ಕಾಕಾ ಎಬ್ಬಿಸಿದರು, ಗೆಳೆಯನ ಅಪ್ಪ. ಇಲ್ಲಿ ದ್ರಾಕ್ಷಿ ತೋಟಕ್ಕೆ ಪಡ ಅಂತಾರೆ. ನಮ್ಮ ಹಾಗೆ ಚಪ್ಪರ ಇಲ್ಲ. ಇಂಗ್ಲಿಷಿನ ವೈ ಅಕ್ಷರದ ಹಾಗೆ ಕಬ್ಬಿಣದ ಆ್ಯಂಗಲ್ ನಿಲ್ಲಿಸಿ, ಎರಡೂ ರೆಕ್ಕೆಗೆ ತಂತಿ. ಬಳ್ಳಿ ಎದ್ದು ಎರಡು ಕಡೆ ತೋಳು ಚಾಚಿದೆ. ಗೊನೆಗಳು ಎಲೆಯ ಕೆಳಗೆ, ಎದೆಮಟ್ಟದಲ್ಲಿ ಸಾಲಾಗಿ ತೂಗುತ್ತವೆ.

ಒಂದು ಕಾಳು ಕಿತ್ತು ಬಾಯಿಗೆ ಹಾಕಿಕೊಂಡೆ. ಉದ್ದಕ್ಕಿತ್ತು, ಹಸಿರು ಹೋಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಸಿಪ್ಪೆ ಗೊತ್ತೇ ಆಗಲಿಲ್ಲ, ಬೀಜ ಇಲ್ಲ, ಸಿಹಿ ಮಾತ್ರ ಹಲ್ಲು ಜುಮ್ಮೆನ್ನುವಷ್ಟು. ಕಾಕಾ ಜೇಬಿನಿಂದ ದುರ್ಬೀನಿನಂಥ ಸಣ್ಣ ಕೊಳವೆ ತೆಗೆದು, ಗಾಜಿನ ಮೇಲೆ ಒಂದು ಹನಿ ರಸ ಹಿಂಡಿ, ಬೆಳಕಿಗೆ ಹಿಡಿದು ನೋಡಿದರು. 23 ಬ್ರಿಕ್ಸ್, ರಸದಲ್ಲಿರೋ ಸಕ್ಕರೆಯ ಅಳತೆ ಅದು. 22 ದಾಟಿದ ಮೇಲೆಯೇ ಒಣಗಿಸೋಕೆ ಕೊಯ್ಯೋದು. ಸಕ್ಕರೆ ಕಮ್ಮಿ ಇದ್ದರೆ ಒಣದ್ರಾಕ್ಷಿ ಜೊಳ್ಳಾಗುತ್ತೆ. ರುಚಿಯಲ್ಲಿ ನಮ್ಮದೇ ಮೇಲು ಅನ್ನೋದು ನನ್ನ ಮತ. ಅಲ್ಲಿ ನಿಂತು ಅದನ್ನು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಇದು ಥಾಂಪ್ಸನ್ ಸೀಡ್‌ಲೆಸ್ ಕುಲ. ಹಳೇ ಹೆಸರು ಕಿಶ್‌ಮಿಶ್, ಸುಲ್ತಾನಾ. ಪಶ್ಚಿಮ ಏಷ್ಯಾ ಕಡೆಯ ಪುರಾತನ ತಳಿ. 19ನೇ ಶತಮಾನದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದ ಥಾಂಪ್ಸನ್ ಅನ್ನುವವನ ಹೆಸರು ಅಂಟಿಕೊಂಡಿತು. ಬೀಜ ಇಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ಕಟ್ಟೋಕೆ ಶುರುವಾಗಿ ನಡುವೆಯೇ ಕಮರುತ್ತೆ. ಕಾಳು ದಪ್ಪ ಆಗೋಕೆ ಬೇಕಾದ ಜಿಬ್ಬರೆಲಿನ್ ಅನ್ನೋ ಹಾರ್ಮೋನು ಬರೋದು ಬೀಜದಿಂದ. ಬೀಜ ಕಮರಿದರೆ ಕಾಳು ಸಣ್ಣದೇ ಉಳಿಯುತ್ತೆ. ಅದಕ್ಕೇ ಇವರು ಜಿಬ್ಬರೆಲಿನ್ ನೀರಲ್ಲಿ ಕಲಸಿ, ಮಗ್ಗಿನಲ್ಲಿ ಹಿಡಿದು, ಒಂದೊಂದೇ ಗೊನೆಯನ್ನು ಅದ್ದಿ ತೆಗೆಯುತ್ತಾರೆ. ಒಂದು ಗಿಡಕ್ಕೆ ಮೂವತ್ತು, ನಲವತ್ತು ಗೊನೆ. ಎಕರೆಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ದೊಡ್ಡಪ್ಪನ ಪ್ರಶ್ನೆ ಕೇಳಿದೆ. 'ಒಂದ ಬೆಳಿ,' ಅಂದರು ಕಾಕಾ. 'ಚಾಟ್ನಿ ಎರಡು. ಏಪ್ರಿಲ್‌ದಾಗ ಒಂದು, ಅಕ್ಟೋಬರ್‌ದಾಗ ಒಂದು.'

ಚಾಟ್ನಿ ಅಂದರೆ ಕಡ್ಡಿ ಸವರೋದು. ಎರಡು ಸಲ ಕತ್ತರಿಸಿ ಒಂದೇ ಬೆಳೆ ಯಾಕೆ? ಕಾಕಾ ಬದುವಿನ ಮೇಲೆ ಕೂತು, ಕಡ್ಡಿಯೊಂದನ್ನು ಕೈಗೆ ತೆಗೆದುಕೊಂಡು ಹೇಳಿದರು. ಏಪ್ರಿಲ್ಲಿನದು ಕಡ್ಡಿ ಮಾಡೋ ಚಾಟ್ನಿ. ಎಲ್ಲವನ್ನೂ ಬುಡಕ್ಕೆ ಕತ್ತರಿಸಿ ಬೋಳು ಮಾಡುತ್ತಾರೆ. ಬಂದ ಹೊಸ ಕಡ್ಡಿಯ ಕಣ್ಣಿನೊಳಗೆ 40ರಿಂದ 60 ದಿನದ ಆಸುಪಾಸಿನಲ್ಲಿ ಗೊನೆಯ ಗುರುತು ಮೂಡುತ್ತೆ. ಹೊರಗೆ ಏನೂ ಕಾಣೋದಿಲ್ಲ. ಆಗ ಬಿಸಿಲು ಚೆನ್ನಾಗಿ ಬಿದ್ದರೆ ಮುಂದಿನ ವರ್ಷದ ಬೆಳೆ ಗಟ್ಟಿ. ಆಗಲೇ ಕಾಯಿ ಬಿಡಿಸೋಕೆ ಹೋದರೆ ಅದು ಮಳೆಗಾಲದಲ್ಲಿ ಮಾಗಿ ಕೊಳೆಯುತ್ತೆ. ಹಾಗಾಗಿ ಕಾದು, ಅಕ್ಟೋಬರ್‌ನಲ್ಲಿ ಅದೇ ಕಡ್ಡಿಯ ತುದಿ ಕತ್ತರಿಸಿ, ಒಳಗೆ ಕೂತಿರೋ ಗೊನೆಯನ್ನು ಹೊರಗೆ ಕರೆಯೋದು.

'ಥಂಡಿ ದೇಶದಾಗ ಹಿಮ ಬಿದ್ದು ಬಳ್ಳಿ ತಾನ ಮಲಗ್ತೈತಿ, ಬ್ಯಾಸಗಿಗೆ ತಾನ ಏಳ್ತೈತಿ. ನಮ್ಮಲ್ಲಿ ಅದಕ್ಕ ನಿದ್ದಿನ ಇಲ್ಲ. ಕತ್ತರಿ ಹಿಡದು ನಾವ ಮಲಗಸಬೇಕು, ನಾವ ಎಬ್ಬಸಬೇಕು.'

ಎಬ್ಬಿಸೋದು ಬರೀ ಮಾತಲ್ಲ. ಅಕ್ಟೋಬರ್ ಚಾಟ್ನಿ ಆದಮೇಲೆ ಕೈಗವಸು ಹಾಕಿ, ಹೈಡ್ರೋಜನ್ ಸೈನಮೈಡ್ ಔಷಧಿಯನ್ನು ಒಂದೊಂದು ಕಣ್ಣಿಗೂ ಬಟ್ಟೆಯಿಂದ ಹಚ್ಚುತ್ತಾರೆ, ಎಲ್ಲ ಒಂದೇ ಸಲ ಒಡೆಯಲಿ ಅಂತ. ಹಚ್ಚಿದವರು ಕುಡಿಯೋ ಹಾಗಿಲ್ಲ. ಆ ಔಷಧಿ ಮೈಗೆ ತಾಗಿದಾಗ ಹೆಂಡ ಒಳಗೆ ಹೋದರೆ ಮುಖ ಕೆಂಪೇರಿ, ಎದೆ ಬಡಿತ ಏರಿ ಒದ್ದಾಡಿಬಿಡುತ್ತಾರೆ. 'ದ್ರಾಕ್ಷಿ ತಾನ ಸೆರೆ ಬಿಡಸ್ತೈತಿ ನೋಡು' ಅಂತ ಕಾಕಾ ನಕ್ಕರು.

ಏಳುವಾಗ ಕಾಕಾ ಒಂದು ಬಳ್ಳಿ ತೋರಿಸಿದರು. ತಂತಿಗೆ ಸುತ್ತಿಕೊಳ್ಳೋ ಎಳೆ, ಸ್ಪ್ರಿಂಗಿನ ಹಾಗೆ ನುಲಿದ ನುಲಿಬಳ್ಳಿ. ಅದರ ಕವಲಿನ ತುದಿಯಲ್ಲಿ ಎರಡೇ ಎರಡು ದ್ರಾಕ್ಷಿ. 'ಇದು ಗೊನಿ ಆಗಬೇಕಾಗಿತ್ತು. ಮೋಡ ಆತು, ಮನಸ ಬದಲಸಿ ಬಳ್ಳಿ ಆತು.' ಗೊನೆಗೂ ನುಲಿಬಳ್ಳಿಗೂ ಮೂಲದಲ್ಲಿ ಒಂದೇ ಮೊಳಕೆ ಅಂತ ಓದಿದ್ದೆ. ಮನಸ್ಸು ಮಾಡಿಕೊಳ್ಳದೆ ನಡುವೆ ನಿಂತದ್ದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು. ದೊಡ್ಡಪ್ಪನ ಚಪ್ಪರದಡಿ ಇಷ್ಟು ವರ್ಷ ಓಡಾಡಿ ಇಂಥದ್ದು ಗಮನಿಸಿರಲೇ ಇಲ್ಲ ನೋಡಿ.

ಗೆಳೆಯ ಕೃಷಿ ಓದಿದವನು, ಬಾಯಿ ಕಟ್ಟಿಕೊಂಡು ಇರುತ್ತಾನಾ? ಗಿಡದ ಬುಡದಲ್ಲಿ ಗಂಟು ತೋರಿಸಿದ. ಕೆಳಗಿನದು ಬೇರೆ ಗಿಡ, ಮೇಲಿನದು ಬೇರೆ. ಕೆಳಗಿರೋದು ಡಾಗ್‌ರಿಡ್ಜ್, ಅಮೆರಿಕದ ಟೆಕ್ಸಾಸಿನ ಒಂದು ದಿಬ್ಬದ ಹೆಸರು. ಕಾಡುದ್ರಾಕ್ಷಿ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನೋ ಬೇರುಹೇನು ಯುರೋಪಿನ ದ್ರಾಕ್ಷಿಯನ್ನೆಲ್ಲ ತಿಂದು ಹಾಕಿದಾಗ ಅವರು ಉಳಿದುಕೊಂಡಿದ್ದು ಅಮೆರಿಕದ ಬೇರಿಗೆ ತಮ್ಮ ಕಡ್ಡಿ ಕಸಿ ಕಟ್ಟಿ. ಇಲ್ಲಿಗೆ ಡಾಗ್‌ರಿಡ್ಜ್ ಬಂದದ್ದು ಹೇನಿನ ಭಯಕ್ಕಲ್ಲ, ಉಪ್ಪು ನೀರು ಮತ್ತು ಬರ ತಡೆಯುತ್ತೆ ಅಂತ. ನಮ್ಮ ನೀಲಿಯ ಒಂದು ಕಡೆಯ ನೆಂಟರೂ ಅಮೆರಿಕದವರೇ. ಹಾಸ್ಟೆಲ್ ಜಗಳದಲ್ಲಿ ಈ ಪಾಯಿಂಟ್ ಸಿಕ್ಕಿದ್ದರೆ!

ಮೂಲ ಇನ್ನೂ ಹಿಂದಕ್ಕೆ ಹೋಗುತ್ತೆ. ಕಾಕಸಸ್ ಬೆಟ್ಟಗಳ ಜಾರ್ಜಿಯಾದಲ್ಲಿ 8,000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ದ್ರಾಕ್ಷಾರಸದ ಗುರುತು ಸಿಕ್ಕಿದೆ. 2023ರಲ್ಲಿ ಬಂದ ದೊಡ್ಡ ವಂಶವಾಹಿ ಅಧ್ಯಯನವೊಂದು, ಸುಮಾರು 11,000 ವರ್ಷದ ಹಿಂದೆ ಪಶ್ಚಿಮ ಏಷ್ಯಾ ಮತ್ತು ಕಾಕಸಸ್ ಎರಡೂ ಕಡೆ ಬೇರೆ ಬೇರೆಯಾಗಿ ಕಾಡುಬಳ್ಳಿಯನ್ನು ಪಳಗಿಸಿದರು ಅಂತ ಹೇಳಿತು. ಕಾಡುದ್ರಾಕ್ಷಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಅಪರೂಪಕ್ಕೆ ಎರಡೂ ಒಂದೇ ಹೂವಿನಲ್ಲಿರೋ ಬಳ್ಳಿ ಹುಟ್ಟುತ್ತೆ. ಮನುಷ್ಯ ಅದನ್ನೇ ಆರಿಸಿ, ಅದರ ಕಡ್ಡಿಯನ್ನೇ ಮತ್ತೆ ಮತ್ತೆ ನೆಟ್ಟ.

ಕಾಕಾಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. 'ಕಾಯಿ ಬಿಡದ ಬಳ್ಳಿಗಿ ನೀರ ಯಾರು ಹಾಕ್ತಾರ?' ಅಂದು ಶೆಡ್ಡಿನ ಕಡೆ ನಡೆದರು.

ಶೆಡ್ಡು ಅಂದರೆ ಮೇಲೆ ತಗಡು, ಸುತ್ತ ಹಸಿರು ಪರದೆ, ಒಳಗೆ ಒಂದರ ಮೇಲೊಂದು ಹತ್ತು ಅಂತಸ್ತು ಬಲೆ. ಕೊಯ್ದ ಗೊನೆಗಳನ್ನು ಕ್ರೇಟಿನಲ್ಲಿ ತುಂಬಿ, ತೊಟ್ಟಿಯಲ್ಲಿ ಅದ್ದುತ್ತಾರೆ. ತೊಟ್ಟಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ. ದ್ರಾಕ್ಷಿಯ ಸಿಪ್ಪೆ ಮೇಲೆ ಮೇಣದ ಪದರ ಇರುತ್ತಲ್ಲ, ಬೂದಿ ಎರಚಿದ ಹಾಗೆ ಕಾಣೋದು, ಅದನ್ನು ಈ ಎಣ್ಣೆ ಸಡಿಲ ಮಾಡುತ್ತೆ. ನೀರು ಹೊರಗೆ ಬರೋಕೆ ದಾರಿ. ಅದ್ದದೆ ಹಾಗೇ ಬಿಸಿಲಿಗಿಟ್ಟರೆ ವಾರಗಟ್ಟಲೆ ಬೇಕು, ಬಣ್ಣವೂ ಕಂದು. ಅದ್ದಿ ನೆರಳಲ್ಲಿ ಬಲೆಗೆ ಹರಡಿದರೆ ಎರಡು ವಾರದೊಳಗೆ ಒಣಗಿ ಹಸಿರಾಗೇ ಉಳಿಯುತ್ತೆ.

ನಾನೂ ಒಂದು ಕ್ರೇಟ್ ಅದ್ದಿದೆ. ಕೈ ಸೋಪು ಹಚ್ಚಿದ ಹಾಗೆ ಜಾರಿತು. ಹೊರಗೆ ಎತ್ತಿದಾಗ ಕಾಳುಗಳು ಒಂದೇ ಸಲ ಹೊಳೆದವು, ಬೂದಿ ಹೋಗಿ. ಪಕ್ಕದ ಬಲೆಯಲ್ಲಿ ಎಂಟು ದಿನದ್ದು ಇತ್ತು. ಅರ್ಧ ಹಣ್ಣು, ಅರ್ಧ ಒಣದ್ರಾಕ್ಷಿ. ಒತ್ತಿದರೆ ಮೆತ್ತಗೆ, ಬಿಟ್ಟರೆ ಅಲ್ಲೇ ಗುಳಿ. ನಿಜ ಹೇಳಬೇಕಂದರೆ ಎಲ್ಲಕ್ಕಿಂತ ರುಚಿ ಇದೇ, ಇದನ್ನು ಯಾರೂ ಮಾರೋದಿಲ್ಲ. ನಾಲ್ಕು ಕಿಲೋ ಹಸಿಗೆ ಒಂದು ಕಿಲೋ ಒಣದು. ಹತ್ತು ಟನ್ ಕೊಯ್ದವನ ಕೈಗೆ ಎರಡೂವರೆ ಟನ್ ಬರುತ್ತೆ. ಉಳಿದ ಏಳೂವರೆ ಟನ್, ಟ್ಯಾಂಕರಿನಲ್ಲಿ ಕೊಂಡ ನೀರು, ಗಾಳಿಗೆ ಹೋಗುತ್ತೆ.

ಸಂಜೆ ಐದರ ಹೊತ್ತಿಗೆ ಪಶ್ಚಿಮಕ್ಕೆ ಮೋಡ ಕಟ್ಟಿತು. ಮೋಡ ಅಂದರೆ ನಮ್ಮ ಕಡೆ ಚಹಾ, ಬಜ್ಜಿ. ಇಲ್ಲಿ ಯಾರೂ ಮಾತಾಡಲಿಲ್ಲ. ಕಾಕಾ ಒಂದು ಸಲ ತಲೆ ಎತ್ತಿ ನೋಡಿ, 'ಪರದಿ ಇಳಸ್ರಿ' ಅಂದರು. ಕಾಕು, ಗೆಳೆಯ, ಕೆಲಸದ ಹೆಣ್ಣುಮಕ್ಕಳು, ನಾನು, ಎಲ್ಲ ಓಡಿದೆವು. ತಾಡಪಾಲು ಎಳೆದು ಕಟ್ಟುವಾಗ ಗಾಳಿ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಅರೆಒಣಗಿದ ದ್ರಾಕ್ಷಿಗೆ ಎರಚಲು ತಾಗಿದರೆ ಬೂಷ್ಟು ಬರುತ್ತೆ, ಕಪ್ಪಾಗುತ್ತೆ. ವರ್ಷದ ದುಡಿಮೆ ಬಲೆಯ ಮೇಲೇ ಹಾಳು. ನಾಲ್ಕು ಹನಿ ಬಿತ್ತು. ತಗಡಿನ ಮೇಲೆ ಒಂದೊಂದೂ ಎಣಿಸೋ ಹಾಗೆ ಕೇಳಿತು. ಆಮೇಲೆ ನಿಂತಿತು. ಕಾಕಾ ಆ ರಾತ್ರಿ ಶೆಡ್ಡಿನಲ್ಲೇ ಮಲಗಿದರು.

ನಾಲ್ಕನೇ ದಿನ

ಗೆಳೆಯ ಮೊದಲ ಕೊಯ್ಲಿನ ಮಾಲಿನ ಸ್ಯಾಂಪಲ್ ಹಿಡಿದು ಮಹಾರಾಷ್ಟ್ರದ ತಾಸಗಾಂವ್‌ಗೆ ಹೊರಟ, ನಾನೂ ಜೊತೆಗೆ. ಅಥಣಿ, ಮಿರಜ್, ಸಾಂಗ್ಲಿ ದಾರಿ. ಬಸ್ಸಲ್ಲಿ ಸೊಂಟ ಹೋಯಿತು. ವಿಜಯಪುರದಲ್ಲೂ ಒಣದ್ರಾಕ್ಷಿ ಮಾರ್ಕೆಟ್ ಇದೆ. ಆದರೆ ಕೊಳ್ಳೋರು ಜಾಸ್ತಿ ಇರೋದು, ಕೋಲ್ಡ್ ಸ್ಟೋರೇಜ್ ಸಾಲುಸಾಲು ಇರೋದು ಈ ಕಡೆ. ಈ ತಾಲ್ಲೂಕಿನ ಬೋರಗಾಂವ್ ಊರಿನ ಹೊಲವೊಂದರಲ್ಲಿ ಥಾಂಪ್ಸನ್ ಬಳ್ಳಿಯಿಂದ ಆರಿಸಿದ್ದೇ ತಾಸ್ ಎ ಗಣೇಶ್ ತಳಿ. ಕಾಕಾ ಹೊಲದಲ್ಲೂ ಎರಡು ಎಕರೆ ಅದೇ ಇದೆ.

ಮಾರ್ಕೆಟ್ಟಿಗೆ ಮೊದಲು ಗಣಪತಿ ಗುಡಿಗೆ ಹೋದೆವು. ಗುಡಿ ಮುಂದೆ ಏಳು ಅಂತಸ್ತಿನ ಗೋಪುರ, ಥೇಟ್ ನಮ್ಮ ದಕ್ಷಿಣದ್ದು. 18ನೇ ಶತಮಾನದ ಕೊನೆಗೆ ಇದನ್ನು ಕಟ್ಟಿಸಿದ ಪರಶುರಾಮ್ ಭಾವು ಪಟವರ್ಧನ್ ಟಿಪ್ಪು ಮೇಲಿನ ಯುದ್ಧಕ್ಕೆ ದಕ್ಷಿಣಕ್ಕೆ ಬಂದಿದ್ದ ಸರದಾರ. ಬಂದವನು ಗೋಪುರ ನೋಡಿ ಮನಸೋತಿರಬೇಕು. ಮರಾಠಿ ಊರಿನ ನಡುವೆ ಅದನ್ನು ನೋಡಿ ನನಗೆ ಮನೆ ನೆನಪಾಯಿತು.

ಮಾರ್ಕೆಟ್ಟಿನಲ್ಲಿ ಸ್ಯಾಂಪಲ್ಲುಗಳನ್ನು ಸುರಿದು ಸಾಲಾಗಿ ಇಟ್ಟಿದ್ದರು. ಹಸಿರು, ಹಳದಿ, ಕಪ್ಪು. ಕೊಳ್ಳುವವರು ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ಬಿಡುತ್ತಾರೆ. ಕಾಳು ಬಿಡಿಬಿಡಿಯಾಗಿ ಬಿದ್ದರೆ ಸರಿ, ಅಂಟಿಕೊಂಡು ಮುದ್ದೆಯಾದರೆ ತೇವ ಇದೆ ಅಂತ. ಬಾಯಿಗೆ ಹಾಕಿಕೊಳ್ಳೋದು ಆಮೇಲೆ. ಗಂಧಕದ ಹೊಗೆ ಕೊಟ್ಟ ಮಿರಮಿರ ಹಳದಿಯದಕ್ಕೂ ಗಿರಾಕಿ ಕಮ್ಮಿಯಿಲ್ಲ. ತಿನ್ನೋದು ಬಾಯಿ, ಕೊಳ್ಳೋದು ಕಣ್ಣು. ಮನೆಯಲ್ಲಿ ಪಾಯಸಕ್ಕೆ ನಾನೂ ಹಳದಿಯದನ್ನೇ ಆರಿಸಿ ತರುತ್ತಿದ್ದೆ, ಈಗ ಯಾರನ್ನು ಬೈಯಲಿ?

ಗೆಳೆಯನ ಮಾಲಿಗೆ ಕೂಗಿದ ರೇಟು ಅವನಂದುಕೊಂಡದ್ದಕ್ಕಿಂತ ಕೆಳಗಿತ್ತು. ಕೊಡಲಿಲ್ಲ. 'ಸ್ಟೋರೇಜಿನ್ಯಾಗ ಇಡ್ತೀನಿ, ದೀಪಾವಳಿ ಮುಂದ ನೋಡೋಣ' ಅಂದ. ಹೊರಗೆ ಬಂದು ಮೊದಲು ಮಾಡಿದ ಕೆಲಸ ಮನೆಗೆ ಫೋನು. ರೇಟಿನ ವಿಷಯ ಕಾಕಾ ಕೇಳಲೇ ಇಲ್ಲವಂತೆ. 'ಅಲ್ಲಿ ಮೋಡ ಐತೇನು?' ಅಂದರಂತೆ.

ಮಿರಜ್‌ನಲ್ಲಿ ಬೆಂಗಳೂರು ರೈಲು ಹತ್ತಿದೆ. ಕಾಕು ಕಟ್ಟಿಕೊಟ್ಟ ಎರಡು ಕಿಲೋ ಒಣದ್ರಾಕ್ಷಿ ಊರು ತಲುಪೋ ಹೊತ್ತಿಗೆ ಒಂದೂವರೆ ಆಗಿತ್ತು. ದೊಡ್ಡಪ್ಪ ಚಪ್ಪರದ ಕೆಳಗೆ ಕೂತು ಒಂದು ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ಬೀಜ ಹುಡುಕಿದರು. ಸಿಗಲಿಲ್ಲ.

'ಎರಡು ಸಲ ಸವರಿ ಒಂದೇ ಬೆಳೆನಾ?' ಅಂದರು. 'ಎಂಥಾ ನಷ್ಟದ ಬಾಬತ್ತೋ ಇದು.' ಕೈ ಮಾತ್ರ ಮತ್ತೆ ಕವರಿನೊಳಗೆ ಹೋಯಿತು.